ಒಂದು ವರ್ಷದ ಮೇಲೆ ಕೇಳಿದ ವೈದ್ಯ



‘ಮುಂದೆ ಏನಾಗಬೇಕೆಂದಿದ್ದೀರಿ?’ ಎಂದು ಹತ್ತನೆಯ ತರಗತಿಯಲ್ಲಿ ಕೇಳಿದರೆ, ‘ಡಾಕ್ಟರ್’ ಎಂದು ಅರ್ಧ ತರಗತಿಯಾದರೂ ಕೈ ಎತ್ತುತ್ತದೆ. ಎತ್ತಿದ ಆ ಕೈಗಳನ್ನು ಕಂಡಾಗಲೆಲ್ಲ ನನಗೆ ನನ್ನ ಸೋದರಮಾವನವರ ನೆನಪಾಗುತ್ತದೆ. ಅವರು ಕೈ ಎತ್ತಲಾರರು.

ಊರಿನ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಒಂದು ಟ್ರಂಕು ಹಿಡಿದು ಮುಂಬಯಿಗೆ ಬಂದ ನನಗೆ ತಮ್ಮ ಖೋಲಿಯಲ್ಲಿ ಜಾಗ ಕೊಟ್ಟವರು ಅವರು. ಮಾಟುಂಗದ ಹೋಟೆಲೊಂದರಲ್ಲಿ ಮೂವತ್ತು ವರ್ಷ ಇಡ್ಲಿಯ ಹಂಡೆಗಳನ್ನು ಏರಿಸಿ ಇಳಿಸಿದ ಬಲಭುಜದ ಸ್ನಾಯುರಜ್ಜು ಒಂದು ದಿನ ಹರಿಯಿತು. ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆಯಾಯಿತು, ಹೊಲಿಗೆ ಬಿಚ್ಚಿದರು, ‘ಗುಣ ಹೊಂದಿ ಬಿಡುಗಡೆ’ ಎಂಬ ಕಾಗದ ಕೈಗೆ ಬಂತು. ಆ ಕೈ ಕಿವಿಯ ಎತ್ತರಕ್ಕೆ ಇಂದಿಗೂ ಏರದು. ತಲೆ ಬಾಚುವುದು ಎಡಗೈಯಲ್ಲಿ. ಶಸ್ತ್ರವೈದ್ಯರು ದುಷ್ಟರಲ್ಲ, ಕೆಲಸಗೇಡಿಗಳೂ ಅಲ್ಲದಿರಬಹುದು. ಆದರೆ ಆ ಕೈ ಏನಾಯಿತೆಂದು ಅವರಿಗೆ ಗೊತ್ತಿಲ್ಲ, ಏಕೆಂದರೆ ಅವರು ಕೇಳಲಿಲ್ಲ.

ಭುಜವೆಂಬುದು ವಿಚಿತ್ರವಾದ ಕೀಲು. ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಾದರೋ ಅದು ಚಿಕ್ಕ ತಟ್ಟೆಯ ಅಂಚಿನಲ್ಲಿಟ್ಟ ನಿಂಬೆಹಣ್ಣಿನಂತೆ. ಬೀಳದಂತೆ ಹಿಡಿದಿರುವವು ಮುಖ್ಯವಾಗಿ ನಾಲ್ಕು ಸ್ನಾಯುಗಳು. ಕೈ ಎಲ್ಲ ದಿಕ್ಕಿಗೂ ಹೊರಳುವ ಸ್ವಾತಂತ್ರ್ಯಕ್ಕೆ ನಾವು ತೆರುವ ಬೆಲೆ ಈ ಅಭದ್ರತೆ. ಇದಕ್ಕಾಗಿಯೇ ಮೂಳೆಯ ಶಸ್ತ್ರವೈದ್ಯರಲ್ಲಿ ಭುಜವೊಂದನ್ನೇ ಬಾಳಿನ ಕೆಲಸ ಮಾಡಿಕೊಂಡವರಿದ್ದಾರೆ. ನ್ಯೂಯಾರ್ಕಿನ ಚಾರ್ಲ್ಸ್ ನೀರ್ 1950ರ ದಶಕದಲ್ಲಿ ನುಚ್ಚಾದ ಮೂಳೆಯ ತಲೆಗೆ ಬದಲಾಗಿ ಲೋಹದ ತಲೆಯನ್ನು ಕೂಡಿಸಿದರು. ಫ್ರಾನ್ಸಿನ ಪಾಲ್ ಗ್ರಾಮೊಂ 1985ರಲ್ಲಿ ಗುಂಡನ್ನೂ ಬಟ್ಟಲನ್ನೂ ಅದಲುಬದಲು ಮಾಡುವ ಧೈರ್ಯ ತೋರಿದರು. ಇವರಿಬ್ಬರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಡಾಕ್ಟರಾಗಬಯಸುವ ನಿಮಗೆ ನಾನು ಪರಿಚಯಿಸಬೇಕೆಂದಿರುವುದು ಇವರಿಗಿಂತ ಹಿಂದಿನ, ಇವರಷ್ಟು ಸುಖ ಕಾಣದ ಒಬ್ಬನನ್ನು.

ಅಮೆರಿಕದ ಬಾಸ್ಟನ್ ನಗರದಲ್ಲಿ 1869ರಲ್ಲಿ ಹುಟ್ಟಿದ ಅರ್ನೆಸ್ಟ್ ಕಾಡ್‌ಮನ್, ಹಾರ್ವರ್ಡಿನಲ್ಲಿ ವೈದ್ಯವಿದ್ಯೆ ಕಲಿತು ಅಲ್ಲಿಯ ದೊಡ್ಡ ಆಸ್ಪತ್ರೆಯಾದ ಮ್ಯಾಸಚೂಸೆಟ್ಸ್ ಜನರಲ್‌ನಲ್ಲಿ ಶಸ್ತ್ರವೈದ್ಯನಾದನು. ಭುಜದ ಹರಿದ ಸ್ನಾಯುರಜ್ಜನ್ನು ಹೊಲಿದು ಅದರ ವಿವರವನ್ನು 1911ರಲ್ಲಿಯೇ ಪ್ರಕಟಿಸಿದವನು ಆತ. ನನ್ನ ಮಾವನವರಿಗಾದ ಶಸ್ತ್ರಕ್ರಿಯೆ ಆ ವಂಶದ್ದೇ. ಆದರೆ ಆತನ ತಲೆಯನ್ನು ಹೊಕ್ಕಿದ್ದ ವಿಚಾರ ಬೇರೆ. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಇರಬೇಕು. ರೋಗವೇನು, ಮಾಡಿದ್ದೇನು ಎಂದು ಅದರಲ್ಲಿ ಬರೆಯಬೇಕು. ಒಂದು ವರ್ಷ ಕಳೆದ ಮೇಲೆ ಆತನನ್ನು ಹುಡುಕಿ ‘ಈಗ ಹೇಗಿದ್ದೀರಿ?’ ಎಂದು ಕೇಳಬೇಕು. ಗುಣವಾಗಿಲ್ಲವಾದರೆ ತಪ್ಪು ಯಾರದೆಂದು ಅದೇ ಚೀಟಿಯಲ್ಲಿ ಬರೆಯಬೇಕು. ಇಷ್ಟೇ!

ದೊಡ್ಡ ಆಸ್ಪತ್ರೆ ಇದನ್ನು ಮನಸಾರೆ ಒಪ್ಪಲಿಲ್ಲ. ಕಾಡ್‌ಮನ್ ಸ್ವಂತದ್ದೊಂದು ಪುಟ್ಟ ಆಸ್ಪತ್ರೆ ತೆರೆದು, 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕವನ್ನು ಅಚ್ಚುಹಾಕಿಸಿದನು. ಅದರಲ್ಲಿ 123 ತಪ್ಪುಗಳಿದ್ದವು. ಜ್ಞಾನ ಸಾಲದೆ ಆದದ್ದು, ವಿವೇಚನೆ ಸಾಲದೆ ಆದದ್ದು, ಎಚ್ಚರ ಸಾಲದೆ ಆದದ್ದು ಎಂದು ಒಂದೊಂದನ್ನೂ ವಿಂಗಡಿಸಿದ್ದನು. ತನ್ನ ತಪ್ಪುಗಳನ್ನು ತಾನೇ ಎಣಿಸಿ ಊರಿಗೆ ಹಂಚಿದ ವ್ಯಾಪಾರಿಯನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

1915ರ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ಆತನು ಒಂದು ದೊಡ್ಡ ವ್ಯಂಗ್ಯಚಿತ್ರದ ತೆರೆ ಸರಿಸಿದನು. ಸಿರಿವಂತ ರೋಗಿಗಳೆಂಬ ಉಷ್ಟ್ರಪಕ್ಷಿ ಮರಳಿನಲ್ಲಿ ತಲೆ ಹೂತು, ಚಿನ್ನದ ಮೊಟ್ಟೆಗಳನ್ನು ವೈದ್ಯರತ್ತ ಒದೆಯುತ್ತಿತ್ತು. ಸಭೆ ಕೆರಳಿತು. (ಇಲ್ಲಿ ಆತನು ಸ್ವಲ್ಪ ವಿನಯ ತೋರಬಹುದಿತ್ತೆಂಬುದು ನನ್ನ ಅನಿಸಿಕೆ, ಸತ್ಯವನ್ನು ಹೇಳುವವನು ಅದರೊಡನೆ ಅಪಹಾಸ್ಯವನ್ನೂ ಬೆರೆಸಿದರೆ, ಕೇಳುವವರಿಗೆ ಅಪಹಾಸ್ಯ ಮಾತ್ರ ನೆನಪಿರುತ್ತದೆ.) ಸ್ನೇಹಿತರು ದೂರವಾದರು, ಸಂಪಾದನೆ ಇಳಿಯಿತು. ಆದರೂ 1934ರಲ್ಲಿ ಭುಜವನ್ನೇ ಕುರಿತ ಹೆಬ್ಬೊತ್ತಿಗೆಯೊಂದನ್ನು ತಾನೇ ಪ್ರಕಟಿಸಿದನು. ಭುಜ ಬಿಗಿದುಕೊಂಡವರಿಗೆ ಇಂದು ವೈದ್ಯರು ಹೇಳುವ ‘ಫ್ರೋಜನ್ ಶೋಲ್ಡರ್’ ಎಂಬ ಹೆಸರು ಆತನದು; ಮುಂದಕ್ಕೆ ಬಾಗಿ ತೋಳನ್ನು ಲೋಲಕದಂತೆ ತೂಗಾಡಿಸುವ ವ್ಯಾಯಾಮಕ್ಕೂ ಆತನ ಹೆಸರೇ ಇದೆ. 1940ರಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲನ್ನೂ ಇಡಿಸಲಿಲ್ಲ. ಕಲ್ಲು ನಿಂತದ್ದು 2014ರಲ್ಲಿ.

ಇನ್ನು ದಾರಿಯ ಮಾತು. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಮೂಳೆ ಶಸ್ತ್ರವೈದ್ಯದ ಎಂ.ಎಸ್. ಮೂರು ವರ್ಷ, ಭುಜಕ್ಕೆಂದೇ ಆಮೇಲೆ ಮತ್ತಷ್ಟು ಕಾಲ. ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಗಳು 2017ರಿಂದ ಕನ್ನಡದಲ್ಲಿಯೂ ಬರುತ್ತಿವೆ. ಆದರೆ ಒಳಗಿನ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ. ಕನ್ನಡದಲ್ಲಿ ಕಲಿತವನಿಗೆ ಇದು ಸಾಧ್ಯವಿಲ್ಲವೆನ್ನುವವರನ್ನು ನಾನು ಒಪ್ಪುವುದಿಲ್ಲ. ಏನೂ ಕಷ್ಟವಿಲ್ಲವೆಂದು ವೇದಿಕೆಯ ಮೇಲೆ ಭಾಷಣ ಬಿಗಿಯುವವರನ್ನೂ ಒಪ್ಪುವುದಿಲ್ಲ. ಹಾಗೆ ಬಿಗಿದವರಲ್ಲಿ ನಾನೂ ಒಬ್ಬ.

ನಮ್ಮ ಈ ವಾರ್ಷಿಕ ಸಂಚಿಕೆಯನ್ನೇ ನೋಡಿ. ಹೆಚ್ಚು ಅಂಕ ಪಡೆದವರ ಭಾವಚಿತ್ರಗಳಿವೆ, ಶೇಕಡಾವಾರು ಫಲಿತಾಂಶವಿದೆ. ಇವು ಹೊಲಿಗೆ ಬಿಚ್ಚಿದ ದಿನದ ಕಾಗದಗಳು. ಶಾಲೆ ಬಿಟ್ಟು ಒಂದು ವರ್ಷವಾದ ಮೇಲೆ ನಿಮ್ಮ ಅಣ್ಣಂದಿರು, ಅಕ್ಕಂದಿರು ಏನಾದರೆಂಬುದು ಯಾವ ಪುಟದಲ್ಲಿಯೂ ಇಲ್ಲ. ಮುಂದಿನ ಸಂಚಿಕೆಯಲ್ಲಿ, ಹೆಸರುಗಳನ್ನು ಬಿಟ್ಟಾದರೂ, ಆ ಲೆಕ್ಕ ಅಚ್ಚಾಗಬೇಕೆಂಬುದು ನನ್ನ ಒತ್ತಾಯ. ಸಹೋದ್ಯೋಗಿಗಳಲ್ಲಿ ಕೆಲವರು ‘ಶಾಲೆಯ ಮಾನ ಹೋದೀತು’ ಎಂದರು. ಬಾಸ್ಟನ್ನಿನವರೂ ಹೆಚ್ಚುಕಡಿಮೆ ಹಾಗೆಯೇ ಅಂದಿದ್ದರು.

ನಾನೊಂದು ನೋಟುಪುಸ್ತಕ ಹಾಕಿದ್ದೇನೆ. ಎರಡು ವರ್ಷದ ಹಿಂದಿನ ತರಗತಿಯ ಮೂವತ್ತೊಂದು ಹೆಸರುಗಳು ಅದರಲ್ಲಿವೆ. ಈವರೆಗೆ ಒಂಬತ್ತು ಮನೆಗಳಿಗೆ ಹೋಗಿ ಬಂದೆ. ಏಳನೆಯ ಮನೆಯಲ್ಲಿ ಹುಡುಗನ ತಾಯಿ, ‘ಬನ್ನಿ ಮಾಸ್ತರರೇ, ಚಾ ಕುಡೀರಿ, ಈಗ ನೆನಪಾಯ್ತಾ?’ ಎಂದರು. ಹುಡುಗ ಹನ್ನೊಂದನೆಯ ತರಗತಿಯ ವಿಜ್ಞಾನವನ್ನು ಆರು ತಿಂಗಳಿಗೇ ಬಿಟ್ಟು ಕೊರಿಯರ್ ಕಂಪನಿಯಲ್ಲಿ ಪೊಟ್ಟಣ ಹೊರುತ್ತಿದ್ದಾನೆ. ಆತನ ಇಂಗ್ಲಿಷು ಎಷ್ಟೆಂದು ತಿಳಿದಿದ್ದೂ, ಮೊದಲು ಅದನ್ನು ತಿದ್ದದೆ, ‘ವಿಜ್ಞಾನವನ್ನೇ ತೆಗೆದುಕೋ’ ಎಂದು ಬೆನ್ನು ತಟ್ಟಿದವನು ನಾನು. ಮನೆಗೆ ಬಂದು ಆ ಹೆಸರಿನ ಮುಂದೆ ಬರೆದೆ: ವಿವೇಚನೆ ಸಾಲದೆ ಆದದ್ದು; ತಪ್ಪು ಶಿಕ್ಷಕನದು. ಭಾನುವಾರ ಸಂಜೆ ಆತನು ನಮ್ಮ ಖೋಲಿಗೆ ಬರುವೆನೆಂದಿದ್ದಾನೆ. ವ್ಯಾಕರಣದ ಪುಸ್ತಕವನ್ನು ಅಟ್ಟದಿಂದ ಇಳಿಸಿ ಇಟ್ಟಿದ್ದೇನೆ.