ಶಾಲೆಯ ಲೆಕ್ಕ ಗೋಡೆಯ ಮೇಲಿರಲಿ

ಸಮಗ್ರ ಶಿಕ್ಷಣ ಯೋಜನೆಯ ನಿಯಮದಂತೆ 101ರಿಂದ 250 ಮಕ್ಕಳಿರುವ ಸರ್ಕಾರಿ ಪ್ರೌಢಶಾಲೆಗೆ ವರ್ಷಕ್ಕೆ 50 ಸಾವಿರ ರೂಪಾಯಿವರೆಗೆ ಅನುದಾನವಿದೆ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಮೀಸಲು. ಆದರೂ ಶೌಚಾಲಯದ ನಲ್ಲಿ ಕೆಟ್ಟಾಗ ‘ದುಡ್ಡಿಲ್ಲ’ ಎಂಬ ಉತ್ತರ ಕೇಳಿಯೇ ನಮ್ಮಲ್ಲಿ ಅನೇಕರು ಓದಿದ್ದೇವೆ. ದುಡ್ಡು ಬರಲೇ ಇಲ್ಲವೋ, ಬಂದು ಬೇರೆಡೆ ಖರ್ಚಾಯಿತೋ, ಕೇಳುವವರಿರಲಿಲ್ಲ.

ಹಣ ಪಾವತಿಗೆ ಮುಖ್ಯಶಿಕ್ಷಕರ ಜೊತೆ ಎಸ್‌ಡಿಎಂಸಿ ಅಧ್ಯಕ್ಷರ ಸಹಿಯನ್ನೂ ಕೇಳುವುದು ಒಬ್ಬರನ್ನೊಬ್ಬರು ಪ್ರಶ್ನಿಸಲೆಂದು. ಬಿಲ್ ನೋಡದೆ ಹಾಕಿದರೆ ಎರಡು ಸಹಿಯೂ ಒಂದೇ ಲೆಕ್ಕ.

ಬಂದದ್ದೆಷ್ಟು, ಯಾವುದಕ್ಕೆ ಹೋಯಿತು, ಉಳಿದದ್ದೆಷ್ಟು? ಈ ಮೂರು ಸಾಲನ್ನು ಪ್ರತಿ ತಿಂಗಳು ಶಾಲೆಯ ಗೋಡೆಗೆ ಬರೆಯಲಿ. ಪ್ರಾಮಾಣಿಕ ಶಿಕ್ಷಕರಿಗೆ ಅದೇ ರಕ್ಷಣೆ. ಲೆಕ್ಕಪರಿಶೋಧಕರು ಬರುವುದು ವರ್ಷ ಕಳೆದ ಮೇಲೆ. ಗೋಡೆ ಬರಹವನ್ನು ಮಕ್ಕಳು ದಿನವೂ ಓದುತ್ತಾರೆ.