ಪಾಚಿಗೆ ಊಟ ಹಾಕುತ್ತಿದ್ದವರು ನಾವೇ

ಸೋಮವಾರ ಬೆಳಗ್ಗೆ ಐದೂವರೆಗೆ ಅಪ್ಪನ ಫೋನ್. "ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇವೆ ಮಾರಾಯ, ಏನ್ ಮಾಡ್ಲಿ?" ಬೆಂಗಳೂರಿನ ರೂಮಲ್ಲಿ ಎದ್ದು ಕೂತೆ. ಏನಾಗಿದೆ ಅಂತ ತಕ್ಷಣ ಗೊತ್ತಾಯ್ತು, ಯಾಕಂದ್ರೆ ಮಾಡಿದ್ದು ನಾನೇ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಅಂಗಳದಲ್ಲಿ ಒಂದು ಸಿಮೆಂಟ್ ಕೊಳ ಇದೆ. ಎಂಟಡಿ ಉದ್ದ, ಐದಡಿ ಅಗಲ, ಎರಡೂವರೆ ಅಡಿ ಆಳ. ಲೆಕ್ಕ ಹಾಕಿದ್ರೆ ಸುಮಾರು 2,800 ಲೀಟರ್ ನೀರು, ಹನ್ನೊಂದು ಗೋಲ್ಡ್ ಫಿಶ್. ಅಮ್ಮ ಹಟ ಹಿಡಿದು ಕಟ್ಟಿಸಿದ್ದು. ಏಪ್ರಿಲ್ ಬಿಸಿಲಿಗೆ ನೀರು ಪಾಲಕ್ ಸೂಪಿನ ಹಾಗಾಗಿ ಮೀನೇ ಕಾಣ್ತಿರಲಿಲ್ಲ. ವೀಕೆಂಡಿಗೆ ಹೋದಾಗ, ಅಡಿಕೆ ಕೊಳೆರೋಗಕ್ಕೆ ತಂದಿಟ್ಟ ಮೈಲುತುತ್ತ ಕಣ್ಣಿಗೆ ಬಿತ್ತು. ಅದಕ್ಕೆ ಪಾಚಿ ಸಾಯುತ್ತೆ ಅಂತ ಎಲ್ಲೋ ಓದಿದ್ದೆ. ಅಳತೆ ಗಿಳತೆ ನೋಡದೆ ಕರಗಿಸಿ ಸುರಿದು ಭಾನುವಾರ ರಾತ್ರಿ ಬಸ್ ಹತ್ತಿದೆ.

ಪಾಚಿ ಸತ್ತಿದ್ದು ನಿಜ. ಆದರೆ ಅಷ್ಟೂ ಒಟ್ಟಿಗೆ ಸತ್ತರೆ, ಅದನ್ನು ಕೊಳೆಸೋ ಬ್ಯಾಕ್ಟೀರಿಯಾ ನೀರಲ್ಲಿರೋ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತೆ. ರಾತ್ರಿ ಬೆಳಕಿಲ್ಲ, ಹೊಸದು ತಯಾರಾಗಲ್ಲ. ಬೆಳಗಿನ ಜಾವಕ್ಕೆ ಮೀನಿಗೆ ಉಸಿರಿಲ್ಲ. ಸಾಲದ್ದಕ್ಕೆ ತಾಮ್ರ ಮೀನಿನ ಕಿವಿರಿಗೂ ವಿಷ. ಅರ್ಧ ನೀರು ಖಾಲಿ ಮಾಡಿಸಿ, ಬಾವಿ ನೀರನ್ನು ಪೈಪಲ್ಲಿ ಎತ್ತರದಿಂದ ಬಿಡಿಸಿದೆ. ನಾಲ್ಕು ಉಳಿದವು. ಏಳನ್ನು ಅಪ್ಪ ದಾಸವಾಳದ ಬುಡದಲ್ಲಿ ಹೂಳಿದರು. ನನಗೆ ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟ.

ಮುಂದಿನ ವಾರ ಹೋಗಿ ಸುಮ್ಮನೆ ಕೊಳದ ಹತ್ತಿರ ಕೂತೆ. ಅಪ್ಪ ಬೆಳಗ್ಗೆ ಒಂದು ಮುಷ್ಟಿ ಆಹಾರ ಹಾಕಿದರು. ಹನ್ನೊಂದಕ್ಕೆ ಇನ್ನೊಂದು, ಮಧ್ಯಾಹ್ನ, ಸಂಜೆ... ನಾಲ್ಕು ಮೀನಿಗೆ! ತಿಂದು ಮಿಕ್ಕಿದ್ದು ಕೊಳೆಯುತ್ತೆ, ತಿಂದದ್ದು ಹಿಕ್ಕೆಯಾಗುತ್ತೆ. ಎರಡರಿಂದಲೂ ಬರೋದು ಸಾರಜನಕ, ರಂಜಕ. ತೋಟಕ್ಕೆ ಹಾಕೋ ಗೊಬ್ಬರದಲ್ಲಿ ಇರೋದೂ ಅದೇ. ಬಿಸಿಲು, ಗೊಬ್ಬರ, ನಿಂತ ನೀರು: ಪಾಚಿಗೆ ಇನ್ನೇನು ಬೇಕು?

"ಒಂದೇ ಸಲ ಹಾಕು ಅಪ್ಪ" ಅನ್ನೋದಕ್ಕೆ ಬಾಯಿ ಬರಲಿಲ್ಲ. ಅಮ್ಮ ಹೋದಮೇಲೆ ಆ ಮನೆಯಲ್ಲಿ ಅವರು ಹೋದ ಕಡೆ ಓಡಿ ಬರೋದು ಆ ಮೀನುಗಳು ಮಾತ್ರ. ಕೊನೆಗೆ ಗೊಬ್ಬರದ ಲೆಕ್ಕ ಹೇಳಿದೆ. ತೋಟ ಮಾಡಿದವರಿಗೆ ಅದು ಬೇಗ ಅರ್ಥವಾಯ್ತು. "ಹಾಗಾದ್ರೆ ಪಾಚಿಗೆ ಊಟ ಹಾಕ್ತಿದ್ದದ್ದು ನಾನೇ ಅನ್ನು" ಅಂದರು.

ಈಗ ಬೆಳಗ್ಗೆ ಒಂದು ಚಿಟಿಕೆ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಪಕ್ಕದ ಮನೆಯಿಂದ ನೈದಿಲೆ ಗಡ್ಡೆ ತಂದು ನೆಟ್ಟೆವು, ಜೊತೆಗೆ ಒಂದಿಷ್ಟು ಅಂತರಗಂಗೆ. ನೀರಿನ ಅರ್ಧಕ್ಕೂ ಹೆಚ್ಚು ಭಾಗಕ್ಕೆ ನೆರಳು ಬಿದ್ದಮೇಲೆ ಹಸಿರು ಇಳಿಯಿತು, ಸುಮಾರು ಎರಡು ತಿಂಗಳು ಹಿಡೀತು. ಅಂತರಗಂಗೆ ಮಾತ್ರ ಹುಷಾರು, ಬಿಟ್ಟರೆ ಕೊಳವನ್ನೇ ಮುಚ್ಚುತ್ತೆ. ಹೆಚ್ಚಾದದ್ದನ್ನು ಕೆರೆಗೆ ಹಳ್ಳಕ್ಕೆ ಎಸೆಯಬೇಡಿ. ಗಿಡದ ಬುಡಕ್ಕೆ ಹಾಕಿದರೆ ಅದು ಹೀರಿದ ಗೊಬ್ಬರ ಕೊಳದಿಂದ ಹೊರಗೆ ಹೋದ ಹಾಗೆ.

ಗೋಡೆಗೆ ಅಂಟಿದ ತೆಳು ಪಾಚಿ ಇದ್ದೇ ಇದೆ, ಮೀನು ಅದನ್ನು ಮೇಯ್ತವೆ. ಅಪ್ಪ ಈಗಲೂ ದಿನಕ್ಕೆ ನಾಲ್ಕು ಸಲ ಕೊಳಕ್ಕೆ ಹೋಗ್ತಾರೆ. ಒಂದು ಸಲ ಊಟ ಹಾಕೋಕೆ, ಮೂರು ಸಲ ಕೋಲಿಗೆ ಪಾಚಿ ಸುತ್ತಿ ತೆಗೆಯೋಕೆ. ನಿನ್ನೆ ಫೋನಲ್ಲಿ "ಇವತ್ತು ಅರ್ಧ ಬುಟ್ಟಿನೂ ಸಿಗಲಿಲ್ಲ ಮಾರಾಯ" ಅಂತ ಬೇಜಾರಲ್ಲಿದ್ದರು.