ಧಾರೆ ವಾಗ್ಳೆಯಲ್ಲಿ, ಆರತಕ್ಷತೆ ಜೂಯಿನಗರದಲ್ಲಿ
ಬೆಳಿಗ್ಗೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಧಾರೆ, ಸಂಜೆ ಜೂಯಿನಗರದ ಬಂಟ್ಸ್ ಸೆಂಟರಿನಲ್ಲಿ ಆರತಕ್ಷತೆ ಎಂದಾದರೆ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ನೆಂಟರ ದಾರಿಯ ಲೆಕ್ಕ ಆಗಬೇಕು. ಮುಹೂರ್ತವನ್ನು ಪುರೋಹಿತರು ನೋಡಿಕೊಳ್ಳುತ್ತಾರೆ. ಊಟದ ನಂತರದ ನಾಲ್ಕೈದು ಗಂಟೆಗಳಿಗೆ ಹೊಣೆಗಾರರೇ ಇರುವುದಿಲ್ಲ. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಪಯಣಿಸಿ ಠಾಣೆಯಲ್ಲಿ ಇಳಿದ ಹಿರಿಯರು ಒಡವೆಯ ಚೀಲ, ಮಾತ್ರೆಯ ಡಬ್ಬಿ ಹಿಡಿದು ಮಂಟಪದ ಕುರ್ಚಿಯಲ್ಲೇ ತೂಕಡಿಸುವುದು ನೋಡಲಾಗದ ಸಂಗತಿ. ಹರೆಯದವರಿಗೆ ಲೋಕಲ್ ಒಳ್ಳೆಯದು. 2004ರಲ್ಲಿ ಆರಂಭವಾದ ಟ್ರಾನ್ಸ್-ಹಾರ್ಬರ್ ಮಾರ್ಗದಲ್ಲಿ ಠಾಣೆಯಿಂದ ಜೂಯಿನಗರಕ್ಕೆ ಸುಮಾರು ಅರ್ಧ ಗಂಟೆ. ಆದರೆ ಹತ್ತಬೇಕಾದದ್ದು ನೆರೂಳ್ ಅಥವಾ ಪನ್ವೇಲ್ ಗಾಡಿ. ತುರ್ಭೆಯ ಆಚೆ ಮಾರ್ಗ ಕವಲೊಡೆಯುವುದರಿಂದ ವಾಶಿ ಗಾಡಿ ಜೂಯಿನಗರ ಮುಟ್ಟುವುದಿಲ್ಲ. ಈ ಒಂದು ಸಾಲು ಪತ್ರಿಕೆಯಲ್ಲಿದ್ದರೆ ಊರಿನಿಂದ ಬಂದವರು ದಾರಿ ತಪ್ಪುವುದಿಲ್ಲ. ಭಾನುವಾರದ ಮದುವೆಯಾದರೆ ಮೆಗಾಬ್ಲಾಕ್ ಪ್ರಕಟಣೆಯನ್ನೂ ನೋಡಲೇಬೇಕು, ಅದು ಹೆಚ್ಚಾಗಿ ಬೀಳುವುದು ಹಗಲಿನಲ್ಲೇ. ಹಿರಿಯರಿಗೂ ಮಕ್ಕಳಿಗೂ ಬಸ್ಸೇ ಸರಿ. ಮುಲುಂಡ್-ಐರೋಲಿ ಸೇತುವೆಯ ದಾರಿ ಹಿಡಿಯುವುದಾದರೆ, 2024ರ ಅಕ್ಟೋಬರಿನಲ್ಲಿ ಮುಂಬಯಿ ಪ್ರವೇಶದ್ವಾರಗಳ ಟೋಲ್ ಮನ್ನಾ ಆದದ್ದು ಕಾರಿನಂಥ ಲಘು ವಾಹನಗಳಿಗೆ. ಬಾಡಿಗೆ ಬಸ್ಸಿನ ಟೋಲ್ ಯಾರದೆಂದು ಮಾಲೀಕರೊಡನೆ ಮೊದಲೇ ಮಾತಾಡಿಕೊಳ್ಳುವುದು ಒಳಿತು. ವಾಗ್ಳೆ ಕೈಗಾರಿಕಾ ಪ್ರದೇಶ. ಕೆಲಸದ ದಿನ ಸಂಜೆ ಕಾರ್ಖಾನೆ, ಕಚೇರಿ ಬಿಡುವ ಹೊತ್ತಿಗೆ ತೀನ್ ಹಾತ್ ನಾಕಾ ದಾಟುವುದೇ ಕಷ್ಟ. ಆದ್ದರಿಂದ ಬಸ್ಸು ಮೂರೂವರೆಗೇ ಹೊರಡಲಿ, ಜೂಯಿನಗರದಲ್ಲಿ ಹಿರಿಯರು ಬೆನ್ನು ಚಾಚಲು, ಸೀರೆ ಬದಲಿಸಲು ಎರಡು ಕೋಣೆಗಳು ಮಧ್ಯಾಹ್ನದಿಂದಲೇ ತೆರೆದಿರಲಿ.